ಹಳೆಯ ಮನೆಯ ವೈರಿಂಗ್ ಕೆಲಸಕ್ಕೆ ಎಲೆಕ್ಟ್ರಿಷಿಯನ್‌ರನ್ನು ಯಾವ ಆಧಾರದ ಮೇಲೆ ಆರಿಸಬೇಕು? (ಕಲಬುರಗಿ)

ಪ್ರಶ್ನೆ: ಬ್ರಹ್ಮಪುರ ನಿವಾಸಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ತಂದೆಯವರು 1984ರಲ್ಲಿ ಕಟ್ಟಿಸಿದ ಮನೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು 72 ವರ್ಷದ ತಾಯಿಯವರು ವಾಸವಾಗಿದ್ದೇವೆ. ಮುಂಭಾಗದ ಎರಡು ಕೋಣೆಗಳ ಗೋಡೆ ಶಹಾಬಾದ್ ಕಲ್ಲಿನದು. ಹಿಂಭಾಗವನ್ನು ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿದ್ದು. ಕಲ್ಲಿನ ಭಾಗದಲ್ಲಿ ಕಟ್ಟಿಗೆಯ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ಹಳೆಯ ವೈರಿಂಗ್ ಇಂದಿಗೂ ಹಾಗೆಯೇ ಇದೆ. ಮೀಟರಿನ ಪಕ್ಕದಲ್ಲಿ ಕಬ್ಬಿಣದ ಮೇನ್ ಸ್ವಿಚ್ಚು, ಅದರ ಕೆಳಗೆ ಪಿಂಗಾಣಿಯ ನಾಲ್ಕು ಕಿಟ್‌ಕ್ಯಾಟ್ ಫ್ಯೂಸುಗಳಿವೆ. ಇಟ್ಟಿಗೆಯ ಭಾಗದಲ್ಲಿ ಪೈಪಿನೊಳಗಿನ ವೈರಿಂಗ್ ಇದ್ದು, ಅದು ಸುಮಾರು 15 ವರ್ಷ ಹಳೆಯದು.

ಕಳೆದ ಮೇ ತಿಂಗಳಲ್ಲಿ ತಾಯಿಯವರು ಕಬ್ಬಿಣದ ಕೂಲರಿಗೆ ನೀರು ತುಂಬುವಾಗ ಕೈ ಹಿಂದಕ್ಕೆ ಎಳೆದುಕೊಂಡು, "ಕೂಲರ್ ಮುಟ್ಟಿದ್ರ ಕೈಗಿ ಜುಮ್ಮ ಅಂತದ" ಎಂದರು. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಅದೇ ಕೂಲರಿನಿಂದ ನನ್ನ ಮಗಳಿಗೆ ಜೋರಾಗಿಯೇ ಹೊಡೆಯಿತು. ಅಂದಿನಿಂದ ಆ ಕೂಲರನ್ನು ಮೂಲೆಗಿಟ್ಟಿದ್ದೇವೆ. ಬರುವ ಬೇಸಿಗೆಗೆ ತಾಯಿಯವರ ಕೋಣೆಗೆ ಒಂದೂವರೆ ಟನ್ ಏಸಿ, ಬಚ್ಚಲುಮನೆಗೆ ಗೀಜರ್ ಹಾಕಿಸಬೇಕೆಂದಿದ್ದೇನೆ. ಅದಕ್ಕೂ ಮೊದಲು ವೈರಿಂಗ್ ಸರಿಪಡಿಸಬೇಕೆಂಬುದು ನನ್ನ ಆಸೆ.

ಮೂವರು ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಮನೆ ತೋರಿಸಿದೆ. ಮೊದಲನೆಯವರು ಐದೇ ನಿಮಿಷ ನೋಡಿ, ಫ್ಯೂಸಿಗೆ ದಪ್ಪ ತಂತಿ ಹಾಕಿ ಏಸಿಗೆ ಒಂದು ಲೈನ್ ಎಳೆದರೆ ಸಾಕು, ಅರ್ಧ ದಿನದ ಕೆಲಸ ಎಂದರು. ಎರಡನೆಯವರು ಇಡೀ ಮನೆಯ ವೈರಿಂಗ್ ಕಿತ್ತು ಹೊಸದಾಗಿ ಮಾಡಬೇಕು, ಪಾಯಿಂಟ್ ಲೆಕ್ಕದಲ್ಲಿ ಕೂಲಿ ಎಂದರು; ಅವರ ಒಟ್ಟು ಲೆಕ್ಕ ಮೊದಲನೆಯವರದಕ್ಕಿಂತ ಹತ್ತು ಪಟ್ಟಿಗೂ ಮೀರಿತ್ತು. ಮೂರನೆಯವರು ಸಾಮಾನು ಸಮೇತ ಗುತ್ತಿಗೆ ಕೊಟ್ಟರೆ ಒಂದು ವಾರದಲ್ಲಿ ಮುಗಿಸುವುದಾಗಿ ಹೇಳಿದರು. ಆದರೆ ಕರೆಂಟು ಸೋರಿದರೆ ತಾನಾಗಿ ಲೈನ್ ಕತ್ತರಿಸುವ ಆರ್‌ಸಿಸಿಬಿ ಬೇಕೆಂದಾಗ, "ಅದು ಸುಮ್ಮನೆ ಮೇಲಿಂದ ಮೇಲೆ ಬೀಳುತ್ತಿರುತ್ತದೆ, ಕಡೆಗೆ ನೀವೇ ತೆಗೆಸುತ್ತೀರಿ" ಎಂದರು.

ಮೂವರಲ್ಲಿ ಯಾರ ಮಾತು ಸರಿ, ಕೆಲಸ ಬಲ್ಲವರನ್ನು ನನ್ನಂತಹ ಸಾಮಾನ್ಯನು ಗುರುತಿಸುವುದು ಹೇಗೆ, ಸಾಮಾನು ನಾವೇ ತರಬೇಕೋ ಅವರಿಗೇ ಬಿಡಬೇಕೋ, ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಏನಾದರೂ ಅರ್ಜಿ ಕೊಡಬೇಕೋ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ವೈರಿಂಗ್ ಸೂಪರ್‌ವೈಸರ್, ಶಹಾಬಜಾರ್

ಮಾನ್ಯರೇ, ಏಸಿಯ ವಿಷಯ ಆಮೇಲೆ ನೋಡೋಣ. ಮೊದಲು ಆ ಕೂಲರಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮ್ಮ ಮನೆಯ ವೈರಿಂಗಿನ ಪೂರ್ತಿ ಜಾತಕ ಆ ಕೂಲರಿನಲ್ಲಿದೆ.

ಕೂಲರಿನೊಳಗಿನ ನೀರಿನ ಪಂಪು ಸದಾ ಒದ್ದೆಯಲ್ಲೇ ಇರುವ ವಸ್ತು. ಎರಡು ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಅದರ ಸುತ್ತುತಂತಿಯ ಹೊದಿಕೆ ಸವೆದು, ಫೇಸಿನ ಕರೆಂಟು ನೀರಿನ ಮೂಲಕ ಕಬ್ಬಿಣದ ಮೈಗೆ ಹರಿಯತೊಡಗುತ್ತದೆ. ಇದು ಪಂಪಿನ ದೋಷ. ಆದರೆ ಮೈಗೆ ಬಂದ ಕರೆಂಟು ಅಲ್ಲಿಯೇ ನಿಂತು ನಿಮ್ಮ ಮಗಳ ಕೈಗಾಗಿ ಕಾಯುತ್ತಿತ್ತಲ್ಲ, ಅದು ಮನೆಯ ದೋಷ. ಮೂರು ಪಿನ್ನಿನ ಪ್ಲಗ್ಗು, ಅದಕ್ಕೆ ತಕ್ಕ ಸಾಕೆಟ್ಟು, ಸಾಕೆಟ್ಟಿನಿಂದ ಅರ್ತ್ ಗುಂಡಿಯವರೆಗೆ ತುಂಡಾಗದ ತಂತಿ ಇದ್ದಿದ್ದರೆ ಆ ಕರೆಂಟು ಭೂಮಿಗೆ ಇಳಿಯುತ್ತಿತ್ತು.

ಇಲ್ಲಿ ಅನೇಕ ಎಲೆಕ್ಟ್ರಿಷಿಯನ್‌ಗಳೂ ತಪ್ಪು ತಿಳಿದಿರುವ ಸಂಗತಿಯೊಂದಿದೆ. ಅರ್ತ್ ಇದ್ದರೆ ಫ್ಯೂಸೋ, ಅದರ ಬದಲು ಈಗ ಹಾಕುವ ಎಂಸಿಬಿ ಎಂಬ ಸ್ವಿಚ್ಚೋ ತಾನಾಗಿ ಬೀಳುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ನಿಮ್ಮ ಅರ್ತ್ ಗುಂಡಿಯ ರೋಧ 20 ಓಮ್ ಇದೆ ಎಂದುಕೊಳ್ಳೋಣ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಬೇಸಿಗೆಯಲ್ಲಿ ಅಷ್ಟು ಇರುವುದು ಆಶ್ಚರ್ಯವಲ್ಲ. 230 ವೋಲ್ಟನ್ನು 20ರಿಂದ ಭಾಗಿಸಿದರೆ ಹರಿಯುವ ಕರೆಂಟು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಸಾಮಾನ್ಯ ಲೋಡು. ಅದು ದಿನವಿಡೀ ಬೀಳದೆ ನಿಲ್ಲುತ್ತದೆ. ಮನೆಗಳಲ್ಲಿ ಹಾಕುವ ಬಿ ಮಾದರಿಯ ಎಂಸಿಬಿ ತಕ್ಷಣ ಬೀಳಬೇಕಾದರೆ ತನ್ನ ಅಂಕಿಯ ಮೂರರಿಂದ ಐದು ಪಟ್ಟು, ಅಂದರೆ 48ರಿಂದ 80 ಆಂಪಿಯರ್ ಹರಿಯಬೇಕು. ಗುಂಡಿ ಎಷ್ಟೇ ಚೆನ್ನಾಗಿದ್ದರೂ ಅದನ್ನೇ ನಂಬಿ ಕೂರುವಂತಿಲ್ಲ ಎಂದು ಹೇಳುವುದು ಈ ಕಾರಣಕ್ಕೆ. ಅದೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ, ಹೋಗುವ ಕರೆಂಟಿಗೂ ಮರಳುವ ಕರೆಂಟಿಗೂ ಅಷ್ಟು ಸಣ್ಣ ವ್ಯತ್ಯಾಸ ಬಂದರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನನ್ನು ಕತ್ತರಿಸುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಮನೆ ಬಳಕೆಗೆ ಹೇಳಿರುವ ಮಿತಿಯೂ 30 ಮಿಲಿ ಆಂಪಿಯರೇ. ಆದ್ದರಿಂದ ನಿಮ್ಮ ಮೂರನೆಯವರ ಮಾತನ್ನು ನಾನು ಒಪ್ಪುವುದಿಲ್ಲ. ಆರ್‌ಸಿಸಿಬಿ ಮೇಲಿಂದ ಮೇಲೆ ಬೀಳುತ್ತಿದೆಯೆಂದರೆ ಮನೆಯಲ್ಲಿ ಎಲ್ಲೋ ಸೋರಿಕೆ ಇದೆ, ಇಲ್ಲವೇ ನ್ಯೂಟ್ರಲ್‌ಗಳು (ಕರೆಂಟು ಮರಳುವ ತಂತಿಗಳು) ಕಲಸಿಹೋಗಿವೆ. ಅದನ್ನು ಹುಡುಕಲು ಬಾರದವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ. ಅಂತಹ ಮನೆಗಳನ್ನು ನಾನು ಬಹಳ ಕಂಡಿದ್ದೇನೆ, ಕಂಡಾಗಲೆಲ್ಲ ಮನಸ್ಸಿಗೆ ನೋವಾಗಿದೆ.

ಮೊದಲನೆಯವರ ಸಲಹೆಯಂತೂ ಅಪಾಯಕರ. ಫ್ಯೂಸಿನ ತಂತಿ ಗೋಡೆಯ ಮೇಲಿನ ತಂತಿಗಿಂತ ದುರ್ಬಲವಾಗಿರಬೇಕು. ಅದಕ್ಕೇ ಅದನ್ನು ಇಟ್ಟಿರುವುದು. ಫ್ಯೂಸಿಗೆ ದಪ್ಪ ತಂತಿ ಹಾಕಿದರೆ, ಲೋಡು ಹೆಚ್ಚಾದಾಗ ಫ್ಯೂಸು ಗಟ್ಟಿಯಾಗಿ ನಿಂತು, ಕಟ್ಟಿಗೆಯ ಪಟ್ಟಿಯ ಮೇಲಿನ ನಲವತ್ತು ವರ್ಷದ ಹಳೆಯ ತಂತಿ ಬಿಸಿಯಾಗುತ್ತದೆ. ಆ ಕಾಲದ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿಯೂ ಇರುವ ಸಂಭವವುಂಟು. ಅದಕ್ಕೆ ಹೊಸ ತಾಮ್ರದ ತಂತಿಯನ್ನು ಬರೀ ತಿರುಚಿ ಜೋಡಿಸಿದರೆ ಕೆಲವೇ ವರ್ಷಗಳಲ್ಲಿ ಜೋಡಣೆ ಸಡಿಲವಾಗಿ ಸುಡತೊಡಗುತ್ತದೆ.

ಹಾಗೆಂದು ಎರಡನೆಯವರು ಹೇಳಿದಂತೆ ಇಡೀ ಮನೆಯನ್ನು ಕೀಳಬೇಕೇ? ಅಳೆಯದೆ ಹೇಳಲಾಗದು, ಅವರೂ ಅಳೆಯದೆಯೇ ಹೇಳಿದ್ದಾರೆ. ಇದನ್ನು ತೀರ್ಮಾನಿಸಲು, ತಂತಿಯ ಹೊದಿಕೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಮೆಗ್ಗರ್ ಎಂಬ ಉಪಕರಣವಿದೆ. ಎಲ್ಲ ಉಪಕರಣಗಳ ಪ್ಲಗ್ಗು ತೆಗೆದು, ಬಲ್ಬುಗಳನ್ನು ಕಳಚಿ, ಮೇನ್ ಆರಿಸಿ, ತಂತಿಗೂ ಅರ್ತಿಗೂ ನಡುವೆ 500 ವೋಲ್ಟಿನಲ್ಲಿ ಅಳೆದಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಆರೋಗ್ಯವಂತ ವೈರಿಂಗಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. ನಿಮ್ಮ ಇಟ್ಟಿಗೆಯ ಭಾಗ ಈ ಪರೀಕ್ಷೆಯಲ್ಲಿ ಪಾಸಾದರೆ ಅದನ್ನು ಮುಟ್ಟುವ ಅಗತ್ಯವಿಲ್ಲ. ಕಲ್ಲಿನ ಭಾಗವನ್ನು ಮಾತ್ರ ಅಳತೆ ಏನೇ ಬರಲಿ ಬದಲಿಸಿ.

ಕೆಲಸ ಬಲ್ಲವರನ್ನು ಗುರುತಿಸುವ ನಿಮ್ಮ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಬಂದವರ ಕೈಯಲ್ಲಿ ಬರೀ ಟೆಸ್ಟರ್ ಇದೆಯೋ, ಮೀಟರೂ ಇದೆಯೋ ನೋಡಿ. ಟೆಸ್ಟರಿನ ಕೆಂಪು ದೀಪ ಕರೆಂಟು ಇದೆ ಎಂದಷ್ಟೇ ಹೇಳುತ್ತದೆ. ಅರ್ತ್ ಇದೆಯೇ, ನ್ಯೂಟ್ರಲ್ ಗಟ್ಟಿಯಾಗಿದೆಯೇ ಎಂಬುದನ್ನು ಹೇಳುವುದಿಲ್ಲ. ಹಣದ ಮಾತಿಗೆ ಮುಂಚೆ, ಅಳತೆ ಮಾಡಿ ನನಗೆ ಓದಿ ಹೇಳುತ್ತೀರಾ ಎಂದು ಕೇಳಿ. ಮೆಗ್ಗರ್ ಎಲ್ಲರ ಬಳಿ ಇರುವುದಿಲ್ಲ, ಅದು ತಪ್ಪಲ್ಲ. ಕೆಲಸ ಬಲ್ಲವರು ಬೇರೆಯವರಿಂದ ಒಂದು ದಿನಕ್ಕೆ ತಂದಾದರೂ ಅಳೆಯುತ್ತಾರೆ. ಅದು ಬೇಡವೇ ಬೇಡ ಎನ್ನುವವರನ್ನು ಬಿಟ್ಟುಬಿಡಿ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರ್ಮಿಟ್ ಅಥವಾ ಗುತ್ತಿಗೆದಾರರ ಲೈಸೆನ್ಸ್ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಅದರ ಅವಧಿ ಮುಗಿದಿಲ್ಲವೆಂಬುದನ್ನೂ ನೋಡಿಕೊಳ್ಳಿ.

ಇನ್ನೊಂದು ಮಾತು ಇಂದೇ ಬೇಕಾದುದು. ಕೂಲರಿಗೆ ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸಿಗೆ ಬದಲು ನ್ಯೂಟ್ರಲ್‌ಗೆ ಹಾಕಿರುವುದುಂಟು. ಅಂಥಲ್ಲಿ ಸ್ವಿಚ್ ಆರಿಸಿದರೂ ಉಪಕರಣದೊಳಗೆ ಕರೆಂಟು ಇದ್ದೇ ಇರುತ್ತದೆ. ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಿಣುಕುತ್ತಿದ್ದರೆ ಆ ಬೋರ್ಡನ್ನು ಮೊದಲು ತೋರಿಸಿ.

ಉತ್ತರ: ಶಿಕ್ಷಕಿ, ಬೀದರ್

ಮೇಲಿನ ಹಿರಿಯರು ಬರೆದುದನ್ನು ಎರಡು ಸಲ ಓದಿದೆ. ನಮ್ಮ ಮನೆಯ ಕೆಲಸಕ್ಕೆ ಮುಂಚೆ ಇಂತಹ ಮಾತು ಹೇಳುವವರು ಸಿಕ್ಕಿದ್ದರೆ ನಮಗೆ ಎರಡೆರಡು ಸಲ ಖರ್ಚು ಬೀಳುತ್ತಿರಲಿಲ್ಲ.

ನಾವು ಬೀದರಿನ ಹಳೆಯ ಊರಿನಲ್ಲಿರುವ ಅತ್ತೆಯವರ ಮನೆಯನ್ನು ದುರಸ್ತಿ ಮಾಡಿಸಿದಾಗ ಸಾಮಾನು ಸಮೇತ ಗುತ್ತಿಗೆ ಕೊಟ್ಟೆವು. ಮಾತು ಬಾಯಿಮಾತಿನಲ್ಲೇ ಆಯಿತು, ಕಾಗದವಿರಲಿಲ್ಲ. ಅರ್ಧ ಕೆಲಸ ಆಗುವಷ್ಟರಲ್ಲಿ ಮುಕ್ಕಾಲು ಪಾಲು ಹಣ ಅವರ ಕೈ ಸೇರಿತ್ತು, ಆಮೇಲೆ ಅವರು ಬೇರೆ ಕಡೆ ಕೆಲಸ ಹಿಡಿದು ನಮ್ಮ ಕಡೆ ತಲೆ ಹಾಕಲಿಲ್ಲ. ಇನ್ನೊಬ್ಬರು ಬಂದು ಬೋರ್ಡು ಬಿಚ್ಚಿದಾಗ, ಗೀಜರಿನ ಸಾಕೆಟ್ಟಿಗೆ ನಾಲ್ಕು ಎಂಎಂ ತಂತಿ ಎಂದು ಲೆಕ್ಕ ಕೊಟ್ಟಿದ್ದ ಕಡೆ ದೀಪಕ್ಕೆ ಹಾಕುವ ಒಂದೂವರೆ ಎಂಎಂ ತಂತಿ ಇತ್ತು. ಅರ್ತಿನ ಹಸಿರು ತಂತಿ ಬೋರ್ಡಿನವರೆಗೆ ಬಂದು, ಅಲ್ಲಿ ಯಾವುದಕ್ಕೂ ಸೇರದೆ ಸುತ್ತಿಕೊಂಡು ಕೂತಿತ್ತು. ಹೊರಗಿನಿಂದ ನೋಡಿದರೆ ಮೂರು ತೂತಿನ ಚೆಂದದ ಹೊಸ ಸಾಕೆಟ್ಟು. ಅದೇ ಬಚ್ಚಲಿನಲ್ಲಿ ನಮ್ಮ ಮಕ್ಕಳು ಆರು ತಿಂಗಳು ಸ್ನಾನ ಮಾಡಿದ್ದನ್ನು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಎರಡನೆಯ ಸಲ ಸಾಮಾನು ನಾವೇ ತಂದೆವು. ಎಲೆಕ್ಟ್ರಿಷಿಯನ್ ಪಟ್ಟಿ ಬರೆದುಕೊಟ್ಟರು, ನಾವು ಎರಡು ಅಂಗಡಿಗಳಲ್ಲಿ ದರ ಕೇಳಿ ಬಿಲ್ಲು ಸಮೇತ ಕೊಂಡೆವು. ತಂತಿಯ ಸುರುಳಿಯ ಮೇಲೆ ಐಎಸ್‌ಐ ಗುರುತಿನ ಜೊತೆಗೆ ಸಿಎಂ/ಎಲ್ ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆಯೊಂದಿರುತ್ತದೆ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಆ ಪರವಾನಗಿ ಕೊಟ್ಟಿದ್ದಾರೆಂದು ತೋರಿಸುತ್ತದೆ. ಒಂದು ಅಂಗಡಿಯಲ್ಲಿ ತೋರಿಸಿದ ಅಗ್ಗದ ಸುರುಳಿಯ ಸಂಖ್ಯೆ ಅದರಲ್ಲಿ ಸಿಗಲೇ ಇಲ್ಲ. ಅದನ್ನು ಅಲ್ಲೇ ಬಿಟ್ಟು ಬಂದೆವು. ಉಳಿದ ತಂತಿಯ ತುಂಡುಗಳನ್ನೂ ಎಣಿಸಿ ಮನೆಯಲ್ಲೇ ಇಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತವೆ.

ಇನ್ನೊಂದು ಕೆಲಸವನ್ನು ಮರೆಯದೆ ಮಾಡಿ. ಗೋಡೆ ಕೊರೆದು ಪೈಪು ಕೂರಿಸಿದ ಮೇಲೆ, ಗವಂಡಿಯವರು ಗಿಲಾವು ಮಾಡುವ ಮುಂಚೆ, ಪ್ರತಿಯೊಂದು ಗೋಡೆಯ ಫೋಟೋ ತೆಗೆದಿಡಿ. ಪಕ್ಕದಲ್ಲಿ ಅಳತೆಯ ಟೇಪು ಹಿಡಿದು ತೆಗೆದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಫೋಟೋ ಇಲ್ಲದ ಒಂದೇ ಗೋಡೆಗೆ ದೇವರ ಪಟ ಹಾಕಲು ಮೊಳೆ ಹೊಡೆದಾಗ, ಅದು ನೇರವಾಗಿ ಪೈಪಿನೊಳಗಿನ ತಂತಿಗೇ ಹೋಯಿತು.

ಬೀದರಿನವರಿಗಾಗಿ ಅರ್ತ್ ಗುಂಡಿಯ ಬಗ್ಗೆ ಒಂದು ಮಾತು. ನಮ್ಮದು ಕೆಂಪು ಮುರಕಲ್ಲಿನ ನೆಲ, ನೀರು ನಿಲ್ಲದೆ ಬಸಿದು ಹೋಗುತ್ತದೆ. ಮಳೆಗಾಲದಲ್ಲಿ ಅಳೆದಾಗ ಚೆನ್ನಾಗಿದ್ದ ನಮ್ಮ ಗುಂಡಿ ಮೇ ತಿಂಗಳಲ್ಲಿ ಅಳೆದಾಗ ನಾಲ್ಕು ಪಟ್ಟು ಕೆಟ್ಟಿತ್ತು. ಅಳತೆ ಮಾಡಿಸುವುದಿದ್ದರೆ ಬೇಸಿಗೆಯ ಕೊನೆಯಲ್ಲೇ ಮಾಡಿಸಿ.

ಉತ್ತರ: ಎಲೆಕ್ಟ್ರಿಷಿಯನ್, ಸೇಡಂ ರಸ್ತೆ

ನಾನು ಐಟಿಐನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿ, ಹನ್ನೆರಡು ವರ್ಷಗಳಿಂದ ಇದೇ ಊರಿನಲ್ಲಿ ಮನೆಗಳ ಕೆಲಸ ಮಾಡುತ್ತಿದ್ದೇನೆ. ಕೆಲಸಗಾರರ ಕಡೆಯ ಮಾತನ್ನೂ ಇಲ್ಲಿ ಹೇಳುವುದು ನ್ಯಾಯವೆಂದು ಬರೆಯುತ್ತಿದ್ದೇನೆ.

ಅಂಗಡಿಯವರು ನಮಗೆ ಕಮಿಷನ್ ಕೊಡುವುದು ನಿಜ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಅದು ಬೆಳೆದದ್ದಕ್ಕೆ ಕಾರಣ ಮನೆಯವರು ಕೂಲಿಯಲ್ಲಿ ಚೌಕಾಸಿ ಮಾಡಿ ಕೊನೆಯ ನೂರು ರೂಪಾಯಿಯನ್ನೂ ಉಳಿಸಿಕೊಳ್ಳಲು ನೋಡುವುದು. ಕೂಲಿಯನ್ನು ನ್ಯಾಯವಾಗಿ ಮಾತಾಡಿ ಸಾಮಾನು ನೀವೇ ತಂದರೆ ನನ್ನಂಥವರಿಗೆ ಅದೇ ನೆಮ್ಮದಿ, ಏಕೆಂದರೆ ನಾಳೆ ಸ್ವಿಚ್ಚು ಕೆಟ್ಟರೆ ನನ್ನ ಮೇಲೆ ಮಾತು ಬರುವುದಿಲ್ಲ. ನಮ್ಮಲ್ಲಿ ಕೂಲಿ ಸಾಮಾನ್ಯವಾಗಿ ಮೂರು ಬಗೆ: ದಿನದ ಹಜೇರಿ, ಪಾಯಿಂಟ್ ಲೆಕ್ಕ, ಹೊಸ ಮನೆಯಾದರೆ ಚದರಡಿ ಲೆಕ್ಕ. ಹಳೆಯ ಮನೆಯ ದುರಸ್ತಿಗೆ ಪಾಯಿಂಟ್ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಎಲ್ಲಿ ಏನು ಸಿಗುತ್ತದೆಂದು ಬಿಚ್ಚುವವರೆಗೆ ಗೊತ್ತಾಗುವುದಿಲ್ಲ, ಹೀಗಾಗಿ ಪಾಯಿಂಟಿಗಿಷ್ಟು ಎಂದು ಒಪ್ಪಿಕೊಂಡವನು ಕಷ್ಟದ ಕಡೆ ಅವಸರ ಮಾಡಿಯೇ ತೀರುತ್ತಾನೆ. ದೋಷ ಹುಡುಕುವ ಕೆಲಸಕ್ಕೆ ಹಜೇರಿ, ಹೊಸ ಲೈನ್ ಎಳೆಯಲು ಪಾಯಿಂಟ್ ಎಂದು ಬೇರೆ ಬೇರೆ ಮಾತಾಡಿಕೊಳ್ಳಿ. ಪಾಯಿಂಟ್ ಅಂದರೆ ಯಾವುದು ಎಂಬುದನ್ನೂ ಮೊದಲೇ ಬರೆದುಕೊಳ್ಳಿ. ಒಂದು ದೀಪ ಮತ್ತು ಅದರ ಸ್ವಿಚ್ಚನ್ನು ಸೇರಿಸಿ ಒಬ್ಬರು ಒಂದು ಎಣಿಸಿದರೆ ಇನ್ನೊಬ್ಬರು ಎರಡು ಎಣಿಸುತ್ತಾರೆ, ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ನಿಮ್ಮ ಕಲ್ಲಿನ ಗೋಡೆಯ ವಿಷಯ. ಶಹಾಬಾದ್ ಕಲ್ಲು ಪದರು ಪದರಾಗಿ ಏಳುವ ಕಲ್ಲು. ಕಟ್ಟರ್ ಇಟ್ಟು ಕೊರೆದರೆ ಅಂಚು ಸಿಡಿಯುತ್ತದೆ, ಹಳೆಯ ಗೋಡೆಯಲ್ಲಿ ಒಳಗಿನ ಮಣ್ಣು ಉದುರಿ ಕಲ್ಲು ಸಡಿಲವಾಗುತ್ತದೆ. ನಾನು ಅಂತಹ ಗೋಡೆ ಕೊರೆಯುವುದಿಲ್ಲ. ಮೇಲ್ಮೈಯಲ್ಲೇ ಪಿವಿಸಿ ಪಟ್ಟಿ ಮುಚ್ಚಳದ ವೈರಿಂಗ್ ಮಾಡುತ್ತೇನೆ, ಅಥವಾ ತಂತಿ ಹೆಚ್ಚಿದ್ದರೆ ಗೋಡೆಯ ಮೇಲೆ ಗಟ್ಟಿ ಪೈಪು ಓಡಿಸುತ್ತೇನೆ. ನೋಡಲು ಅಷ್ಟು ಚೆಂದವಿರುವುದಿಲ್ಲ, ಆದರೆ ಮುಂದೆ ದೋಷ ಬಂದರೆ ಮುಚ್ಚಳ ತೆಗೆದು ನೋಡಬಹುದು. ಏಸಿಗೂ ಗೀಜರಿಗೂ ಎಂಸಿಬಿಗಳನ್ನು ಕೂರಿಸುವ ಡಿಬಿ ಪೆಟ್ಟಿಗೆಯಿಂದಲೇ ಬೇರೆ ಬೇರೆ ನಾಲ್ಕು ಎಂಎಂ ತಾಮ್ರದ ಲೈನು, ಒಂದೊಂದಕ್ಕೂ ತನ್ನದೇ ಎಂಸಿಬಿ ಇರಲಿ. ಮಧ್ಯದಲ್ಲಿ ಜೋಡಣೆ ಬೇಡ. ಮೂರು ಕಿಲೋವ್ಯಾಟಿನ ಗೀಜರ್ ಒಂದೇ ಸುಮಾರು 13 ಆಂಪಿಯರ್ ಎಳೆಯುತ್ತದೆ.

ಅರ್ತ್ ಗುಂಡಿಗೆ ಬ್ರಹ್ಮಪುರದ ಕಡೆ ಜಾಗ ಸಿಗುವುದೇ ಕಷ್ಟ ಎಂಬುದು ನನಗೆ ಗೊತ್ತು. ಎರಡೂವರೆ ಮೀಟರ್ ಉದ್ದದ ಜಿಐ ಪೈಪು ನೇರವಾಗಿ ಇಳಿಯಬೇಕು. ನಮ್ಮ ಎರೆಮಣ್ಣು ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಆದರೆ ಏಪ್ರಿಲ್ ಬಂತೆಂದರೆ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಇದ್ದಿಲು ಉಪ್ಪು ಹಾಕುವುದು ಹಳೆಯ ಪದ್ಧತಿ. ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಈಗ ಬೆಂಟೋನೈಟ್ ಪುಡಿ ಸಿಗುತ್ತದೆ, ಅದು ತೇವ ಹಿಡಿದಿಡುತ್ತದೆ. ಗುಂಡಿಯ ಮೇಲೆ ಮುಚ್ಚಳ ಇಟ್ಟು, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಬಂಡೆ ಅಡ್ಡ ಬಂದರೆ ಪೈಪನ್ನು ಅರ್ಧಕ್ಕೆ ಕತ್ತರಿಸಿ ಹೂಳಲು ಬಿಡಬೇಡಿ. ಬೇರೆ ಜಾಗ ಹುಡುಕಲು ಹೇಳಿ.

ಕೊನೆಯದಾಗಿ, ಏಪ್ರಿಲ್ ಮೇ ತಿಂಗಳಲ್ಲಿ ಕರೆಯಬೇಡಿ. ಬಿಸಿಲು 42 ಡಿಗ್ರಿ ದಾಟಿದಾಗ ಊರೆಲ್ಲ ಒಟ್ಟಿಗೆ ಫೋನ್ ಮಾಡುತ್ತದೆ. ದಿನಕ್ಕೆ ಎಂಟು ಮನೆ ಓಡುವವನು ನಿಮ್ಮ ಮನೆಯಲ್ಲಿ ಕೂತು ಅಳತೆ ಮಾಡಲಾರ. ಚಳಿಗಾಲದಲ್ಲಿ ಕರೆದರೆ ಸಮಾಧಾನದಿಂದ ಮಾಡುತ್ತೇವೆ.

ಉತ್ತರ: ಯಾದಗಿರಿಯಿಂದ

ಜೆಸ್ಕಾಂ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ, ಮೊದಲು ಅದನ್ನು ನೋಡಿ. ಆ ಕಾಲದ ಮನೆಗಳಿಗೆ ಅದು ಒಂದೋ ಎರಡೋ ಇರುತ್ತದೆ. ಏಸಿ ಮತ್ತು ಗೀಜರ್ ಸೇರಿದರೆ ಅದನ್ನು ಮೀರುವುದು ಖಚಿತ. ಹೆಚ್ಚುವರಿ ಲೋಡಿಗೆ ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿಯಿರುವ ವೈರಿಂಗ್ ವರದಿಯನ್ನು ಅಲ್ಲಿ ಕೇಳುತ್ತಾರೆ, ಆದ್ದರಿಂದ ಕೆಲಸ ಕೊಡುವಾಗಲೇ ಆ ಸಹಿ ಯಾರದೆಂದು ವಿಚಾರಿಸಿಕೊಳ್ಳಿ. ಠೇವಣಿಯೂ ತಿಂಗಳ ನಿಗದಿತ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲಿ ಹೆಚ್ಚುತ್ತವೆ. ಗೃಹಜ್ಯೋತಿಯಲ್ಲಿ ಇದ್ದೀರೆಂದರೆ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಮೀಟರಿನ ಸೀಲನ್ನಾಗಲಿ ಕಂಬದಿಂದ ಬರುವ ಸರ್ವಿಸ್ ತಂತಿಯನ್ನಾಗಲಿ ನಿಮ್ಮ ಎಲೆಕ್ಟ್ರಿಷಿಯನ್ ಮುಟ್ಟಬಾರದು. ಆ ಕಡೆ ಕಿಡಿ ಬಂದರೆ, ದೀಪಗಳು ಒಮ್ಮೆ ಮಂಕಾಗಿ ಒಮ್ಮೆ ಜೋರಾಗಿ ಉರಿದರೆ 1912ಕ್ಕೆ ಕರೆ ಮಾಡಿ ದೂರು ಬರೆಸಿ.

ಮರುಪ್ರಶ್ನೆ: ಬ್ರಹ್ಮಪುರ ನಿವಾಸಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಶಹಾಬಜಾರಿನ ಹಿರಿಯರಲ್ಲಿ ಒಂದು ಪ್ರಶ್ನೆ. ನ್ಯೂಟ್ರಲ್ ಕಲಸಿಹೋದರೆ ಆರ್‌ಸಿಸಿಬಿ ಬೀಳುತ್ತದೆ ಎಂದಿರಿ. ನಮ್ಮಲ್ಲಿ ಇನ್ವರ್ಟರ್ ಇದೆ. ಅದರ ಲೈನು ಇಟ್ಟಿಗೆಯ ಭಾಗದ ದೀಪ ಫ್ಯಾನುಗಳಿಗೆ ಹೋಗುತ್ತದೆ. ಮೂರನೆಯವರು ಇನ್ವರ್ಟರ್ ಇರುವ ಮನೆಗೆ ಆರ್‌ಸಿಸಿಬಿ ಹೊಂದುವುದೇ ಇಲ್ಲ ಎಂದೂ ಹೇಳಿದ್ದರು. ಇದು ನಿಜವೇ?

ಉತ್ತರ: ನಿವೃತ್ತ ವೈರಿಂಗ್ ಸೂಪರ್‌ವೈಸರ್, ಶಹಾಬಜಾರ್

ನಿಜವಲ್ಲ, ಆದರೆ ಆ ಮಾತು ಎಲ್ಲಿಂದ ಬಂತೆಂಬುದು ಗೊತ್ತು. ಆರ್‌ಸಿಸಿಬಿ ತನ್ನೊಳಗೆ ಹಾದುಹೋದ ಫೇಸು, ಮರಳಿದ ನ್ಯೂಟ್ರಲ್ ಎರಡನ್ನೂ ತೂಗಿ ನೋಡುತ್ತದೆ. ಇನ್ವರ್ಟರ್ ಕೂರಿಸುವವರು ಅವಸರದಲ್ಲಿ ಅದರ ಫೇಸನ್ನು ಮಾತ್ರ ಬೇರೆ ಮಾಡಿ, ನ್ಯೂಟ್ರಲನ್ನು ಮನೆಯ ಯಾವುದೋ ನ್ಯೂಟ್ರಲ್‌ಗೆ ಸೇರಿಸಿಬಿಡುತ್ತಾರೆ. ಹೋಗುವ ಕರೆಂಟು ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಮರಳಿದಾಗ ತೂಕ ತಪ್ಪಿ ಆರ್‌ಸಿಸಿಬಿ ಬೀಳುತ್ತದೆ. ಇನ್ವರ್ಟರಿನ ಲೈನಿಗೆ ಡಿಬಿಯಲ್ಲಿ ಬೇರೆಯದೇ ನ್ಯೂಟ್ರಲ್ ಪಟ್ಟಿ ಕೊಟ್ಟು, ಆ ಸರ್ಕ್ಯೂಟಿನ ನ್ಯೂಟ್ರಲ್‌ಗಳೆಲ್ಲ ಅದೇ ಪಟ್ಟಿಗೆ ಬರುವಂತೆ ಮಾಡಿದರೆ ತೊಂದರೆ ಮುಗಿಯುತ್ತದೆ. ಹಳೆಯ ಬೋರ್ಡುಗಳಲ್ಲಿ ಎರಡು ಕೋಣೆಗಳಿಗೆ ಒಂದೇ ನ್ಯೂಟ್ರಲ್ ಎಳೆದಿರುವುದರಿಂದ ಅದನ್ನು ಬಿಡಿಸಲು ಒಂದು ದಿನ ಹಿಡಿಯಬಹುದು. ಆ ಒಂದು ದಿನದ ಹಜೇರಿಯನ್ನು ಮನಸ್ಸಿಟ್ಟು ಕೊಡಿ.

ಅನುಕೂಲವಿದ್ದರೆ ಒಂದರ ಬದಲು ಎರಡು ಆರ್‌ಸಿಸಿಬಿ ಹಾಕಿಸಿ: ದೀಪ ಫ್ಯಾನುಗಳಿಗೆ ಒಂದು, ಕೂಲರ್, ಗೀಜರ್, ನೀರಿನ ಮೋಟಾರುಗಳಿಗೆ ಒಂದು. ಆಗ ಮೋಟಾರಿನಲ್ಲಿ ಸೋರಿಕೆಯಾದರೂ ರಾತ್ರಿ ಮನೆಯೆಲ್ಲ ಕತ್ತಲಾಗುವುದಿಲ್ಲ, ಅದನ್ನು ತೆಗೆಸಬೇಕೆಂಬ ಯೋಚನೆಯೂ ಬರುವುದಿಲ್ಲ. ಅದರ ಮೇಲೆ ಟಿ ಎಂದು ಬರೆದ ಗುಂಡಿಯಿರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ ಎಂದು ತಿಳಿಯಿರಿ.

ಬರಹಗಾರರ ವರದಿ, ಎರಡು ತಿಂಗಳ ನಂತರ: ಬ್ರಹ್ಮಪುರ ನಿವಾಸಿ

ಕೆಲಸ ಮುಗಿದಿದೆ, ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮೂವರಿಗೂ ಫೋನ್ ಮಾಡಿ, ಮೊದಲು ಅಳತೆ ಮಾಡಿ ಆಮೇಲೆ ಲೆಕ್ಕ ಕೊಡಿ, ಅಳತೆಯ ದಿನದ ಹಜೇರಿಯನ್ನು ಕೆಲಸ ಕೊಡಲಿ ಬಿಡಲಿ ಕೊಡುತ್ತೇನೆ ಎಂದೆ. ಒಪ್ಪಿ ಬಂದವರು ಎರಡನೆಯವರು ಮಾತ್ರ. ಪರ್ಮಿಟ್ ತೋರಿಸಿದರು, ಮೆಗ್ಗರ್ ತಂದಿದ್ದರು. ಇಟ್ಟಿಗೆಯ ಭಾಗ ಒಂದು ಬೋರ್ಡಿನ ಹೊರತು ಚೆನ್ನಾಗಿದೆ, ಅದನ್ನು ಕೀಳುವ ಅಗತ್ಯವಿಲ್ಲ ಎಂದು ಅವರೇ ಹೇಳಿದರು. ಹಾಗಾಗಿ ಅವರ ಮೊದಲಿನ ಲೆಕ್ಕ ಅರ್ಧಕ್ಕಿಂತ ಕೆಳಗೆ ಇಳಿಯಿತು. ಕಲ್ಲಿನ ಭಾಗಕ್ಕೆ ಮೇಲ್ಮೈ ಪಟ್ಟಿಯ ವೈರಿಂಗ್, ಏಸಿ ಮತ್ತು ಗೀಜರಿಗೆ ಬೇರೆ ಲೈನು, ಎರಡು ಆರ್‌ಸಿಸಿಬಿ ಹಾಕಿದರು. ಇನ್ವರ್ಟರಿನ ನ್ಯೂಟ್ರಲ್ ಬಿಡಿಸಲು ಒಂದೂವರೆ ದಿನ ಹಿಡಿಯಿತು. ಹಣವನ್ನು ನಾಲ್ಕು ಕಂತಿನಲ್ಲಿ, ಕೊನೆಯದನ್ನು ಅಳತೆಗಳನ್ನೆಲ್ಲ ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಟ್ಟ ಮೇಲೆ ಪಾವತಿಸಿದೆ. ಜೆಸ್ಕಾಂಗೆ ಲೋಡು ಹೆಚ್ಚಿಸುವ ಅರ್ಜಿಯನ್ನೂ ಕೊಟ್ಟಾಗಿದೆ.

ಕೂಲರಿನ ಸಾಕೆಟ್ಟಿನ ಹಿಂದೆ ಅರ್ತ್ ತಂತಿಯೇ ಇರಲಿಲ್ಲ. ಮೂರನೆಯ ತೂತು ಬರೀ ತೂತು. ಹೊಸ ಬೋರ್ಡು ಸಿದ್ಧವಾದ ಮೇಲೆ, ಎಲ್ಲರನ್ನೂ ದೂರ ನಿಲ್ಲಿಸಿ, ಕೂಲರಿನಲ್ಲಿ ನೀರು ತುಂಬಿ ಹಳೆಯ ಪಂಪನ್ನು ಅರ್ತ್ ಕೊಟ್ಟ ಹೊಸ ಸಾಕೆಟ್ಟಿಗೆ ಹಾಕಿ ಸ್ವಿಚ್ ಒತ್ತಿದರು. ಒತ್ತಿದ ಕ್ಷಣದಲ್ಲೇ ಆರ್‌ಸಿಸಿಬಿ ಟಪ್ ಎಂದು ಬಿತ್ತು. ತಾಯಿಯವರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಪಂಪನ್ನು ಎಸೆದು ಹೊಸದನ್ನು ಹಾಕಿದ್ದೇವೆ.

ಹೊಸ ಅರ್ತ್ ಗುಂಡಿ ಈಗ 4 ಓಮ್ ತೋರಿಸುತ್ತಿದೆ, ಆದರೆ ಇದು ಜನವರಿಯ ಅಳತೆ. ಮೇ ತಿಂಗಳ ಮೂರನೆಯ ವಾರದಲ್ಲಿ ಮತ್ತೆ ಬಂದು ಅಳೆಯುವುದಾಗಿ ಎಲೆಕ್ಟ್ರಿಷಿಯನ್ ಒಪ್ಪಿದ್ದಾರೆ. ಆಗ ಬಂದ ಅಂಕಿಯನ್ನು ಇಲ್ಲಿಯೇ ಬರೆಯುತ್ತೇನೆ.